ಹಂಚಿನ ನಾಡಿನವರು ಮಣ್ಣಿನ ಕಲೆಯನ್ನು ನೋಡುವುದು ಹೇಗೆ?

ಕುಂದಾಪುರ: ಮೀನಿನ ಸಾರು ಮಣ್ಣಿನ ಮಡಕೆಯಲ್ಲಿ ಕುದಿದರೇ ರುಚಿ ಎನ್ನುವವರು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ. ಆದರೆ ಅದೇ ಮಣ್ಣು ಕಲಾ ಗ್ಯಾಲರಿಯ ಪೀಠವೇರಿ ಸಾವಿರಾರು ರೂಪಾಯಿ ಬೆಲೆ ಹೊತ್ತು ನಿಂತಾಗ, 'ಇದರಲ್ಲಿ ಅಂಥದ್ದೇನಿದೆ?' ಎಂಬ ಪ್ರಶ್ನೆ ಏಳುವುದು ಸಹಜ. ಪ್ರದರ್ಶನಗಳಲ್ಲಿ ಕಲಾವಿದರ ಮಾತಿಗೆ ಕಿವಿಗೊಟ್ಟರೆ ಉತ್ತರ ದೊರೆಯುತ್ತದೆ.

ಕರಾವಳಿಯ ನಂಟು

ಸುಟ್ಟ ಮಣ್ಣು ಕರಾವಳಿಗೆ ಹೊಸತಲ್ಲ. ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ಮಲ್ಪೆಯಲ್ಲಿ, ಕುಂದಾಪುರ ಪರಿಸರದಲ್ಲಿ ಹಂಚಿನ ಕಾರ್ಖಾನೆಗಳು ತಲೆಯೆತ್ತಿ ಅನೇಕ ಕುಟುಂಬಗಳಿಗೆ ಅನ್ನ ನೀಡಿದವು. ಕಾಂಕ್ರೀಟ್ ತಾರಸಿ ಬಂದ ಬಳಿಕ ಹಲವು ಚಿಮಣಿಗಳು ತಣ್ಣಗಾದವು. ಅಲ್ಯೂಮಿನಿಯಂ, ಸ್ಟೀಲ್ ಪಾತ್ರೆಗಳು ಕುಂಬಾರರ ಚಕ್ರವನ್ನೂ ನಿಧಾನಗೊಳಿಸಿದವು.

ಇತ್ತ ಬಳಕೆ ಕುಗ್ಗುತ್ತಿದ್ದಂತೆ ಅತ್ತ ಮಣ್ಣು ಕಲಾ ಮಾಧ್ಯಮವಾಗಿ ಬೆಳೆಯಿತು. ಗುರುಚರಣ್ ಸಿಂಗ್ 1952ರಲ್ಲಿ ದೆಹಲಿಯಲ್ಲಿ, ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಸ್ಥಾಪಿಸಿದ ಕಾರ್ಯಾಗಾರಗಳು ಹಲವು ಕಲಾವಿದರನ್ನು ರೂಪಿಸಿದವು. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮೊದಲ ಭಾರತೀಯ ಸಿರಾಮಿಕ್ಸ್ ತ್ರೈವಾರ್ಷಿಕ ಪ್ರದರ್ಶನ ನಡೆಯಿತು. ಎರಡನೆಯದು 2024ರಲ್ಲಿ ದೆಹಲಿಯಲ್ಲಿ ಜರುಗಿತು.

ಬೆಂಕಿಯ ಲೆಕ್ಕಾಚಾರ

ಕಲಾಕೃತಿಯ ಅರ್ಧ ಕಥೆ ಆವಿಗೆಯಲ್ಲಿದೆ. ಸಾಮಾನ್ಯ ಮಡಕೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಶಾಖದಲ್ಲಿ ಬೇಯುತ್ತದೆ. ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದಲೇ ನೀರು ಜಿನುಗಿ, ಆವಿಯಾಗಿ, ಒಳಗಿನ ನೀರು ತಂಪಾಗುತ್ತದೆ. 1,200 ಡಿಗ್ರಿ ದಾಟಿದ 'ಸ್ಟೋನ್‌ವೇರ್' ಕಲ್ಲಿನಂತೆ ಗಟ್ಟಿಯಾಗಿ ನೀರನ್ನು ಹೀರುವುದು ತೀರಾ ಕಡಿಮೆ.

ಮೇಲಿನ ಹೊಳಪಿನ ಲೇಪವೂ ಬಣ್ಣದ ಪೇಂಟ್ ಅಲ್ಲ. ಶಾಖಕ್ಕೆ ಕರಗಿ ಅಂಟಿಕೊಂಡ ಗಾಜು. ಲೇಪದಲ್ಲಿರುವ ತಾಮ್ರವು ಆಮ್ಲಜನಕ ಧಾರಾಳವಾಗಿದ್ದರೆ ಹಸಿರು, ಕೊರತೆಯಾದರೆ ಕೆಂಪು ಬಣ್ಣ ತಳೆಯಬಲ್ಲದು. ಒಣಗುವಾಗ, ಬೇಯುವಾಗ ಮಣ್ಣು ಕುಗ್ಗುತ್ತದೆ. ಅವಸರದಲ್ಲಿ ತಣಿಸಿದರೆ ಸೀಳುತ್ತದೆ. ವಾರಗಟ್ಟಲೆ ಶ್ರಮ ಒಂದೇ ರಾತ್ರಿಯಲ್ಲಿ ಚೂರಾಗಬಹುದು.

ಏನು ಕೇಳಬೇಕು?

'ಇದರ ಅರ್ಥವೇನು?' ಎಂಬ ಪ್ರಶ್ನೆ ಕೊನೆಗಿರಲಿ. ಮಣ್ಣು ಎಲ್ಲಿಯದು, ಎಷ್ಟು ಶಾಖದಲ್ಲಿ ಬೆಂದಿತು, ಸೌದೆಯೋ ವಿದ್ಯುತ್ತೋ, ಎಷ್ಟು ಕೃತಿಗಳು ಒಡೆದವು ಎಂದು ಕೇಳಿದರೆ ಕಲಾವಿದರು ಮನಬಿಚ್ಚಿ ಮಾತನಾಡುತ್ತಾರೆ. ಕೃತಿಯ ಬುಡವನ್ನೂ ಗಮನಿಸಬೇಕು. ಲೇಪ ತಾಗದ ಆ ಜಾಗದಲ್ಲಿ ಮಣ್ಣಿನ ನಿಜಬಣ್ಣ ಕಾಣುತ್ತದೆ. ಅನುಮತಿಯಿಲ್ಲದೆ ಮುಟ್ಟದಿರುವುದು ಕನಿಷ್ಠ ಶಿಷ್ಟಾಚಾರ.

ಗ್ಯಾಲರಿಯ ಕೃತಿಯ ಕೆಳಗೆ ಕಲಾವಿದರ ಹೆಸರಿರುತ್ತದೆ; ಸಂತೆಯ ಮಡಕೆಯ ಮೇಲೆ ಕುಂಬಾರನ ಹೆಸರಿರುವುದಿಲ್ಲ. ಎರಡರ ಹಿಂದಿರುವುದೂ ಮಣ್ಣಿನ ಅರಿವು ಮತ್ತು ಬೆಂಕಿಯ ಭಯವೇ. ಪ್ರದರ್ಶನದಲ್ಲಿ ಕೇಳುವ ಪ್ರಶ್ನೆಗಳನ್ನು ನಮ್ಮೂರ ಕುಂಬಾರರಲ್ಲೂ ಕೇಳಿದರೆ, ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುವ ಮನಸ್ಸು ಬಾರದು. ಮಕ್ಕಳಿಗೆ ಚಕ್ರ ಬೇಡವೆನ್ನುವ ಕುಟುಂಬಗಳಿಗೆ ಗ್ಯಾಲರಿಯ ಹೊಗಳಿಕೆಗಿಂತ ಆ ನ್ಯಾಯಬೆಲೆಯೇ ಹೆಚ್ಚು ಅಗತ್ಯ.