ಎಕ್ಸ್‌-ರೇಗೆ ಸಿಗದ ಮಂಡಿಯ ಉರಿಯೂತ

ಮಂಡಿನೋವೆಂದು ಹೋದವರ ಕೈಗೆ ಮೊದಲು ಬರುವುದು ಎಕ್ಸ್‌-ರೇ ಚೀಟಿ. ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ ಎಂದು ಅದು ಹೇಳುತ್ತದೆ. 'ಸವೆದಿದೆ' ಎಂಬ ತೀರ್ಪು ಹುಟ್ಟುವುದು ಅಲ್ಲಿಂದಲೇ. ಆದರೆ ಮಂಡಿ ಊದಿ, ಬಿಸಿಯಾಗಿ, ಬೆಳಗ್ಗೆ ಮಡಚಲಾರದಷ್ಟು ಬಿಗಿಯುವಂತೆ ಮಾಡುವ ಉರಿಯೂತದ ಮುಖ್ಯ ನೆಲೆ ಕೀಲಿನ ಒಳಪೊರೆ, ಅಂದರೆ ಸೈನೋವಿಯಂ. ಈ ಮೆತ್ತನೆಯ ಪೊರೆ ಎಕ್ಸ್‌-ರೇಗೆ ಸಿಗುವುದಿಲ್ಲ, ಅಲ್ಟ್ರಾಸೌಂಡ್‌ಗೆ ಸಿಗುತ್ತದೆ.

ರೋಗಿಯನ್ನು ಮಲಗಿಸಿ, ಮಂಡಿಯಡಿ ದಿಂಬಿಟ್ಟು ಸುಮಾರು 30 ಡಿಗ್ರಿ ಬಾಗಿಸುತ್ತಾರೆ. ಜೆಲ್ ಸವರಿ ಪ್ರೋಬ್ ಇಡುವುದು ಮಂಡಿಚಿಪ್ಪಿನ ತುಸು ಮೇಲೆ. ಕೀಲಿನ ಚೀಲ ತೊಡೆಯತ್ತ ಚಾಚಿಕೊಂಡಿರುವ ಜಾಗವದು. ನೀರು ತುಂಬಿದರೆ ಸುಳಿವು ಸಿಗುವುದು ಅಲ್ಲೇ. ಪರದೆಯ ಮೇಲೆ ನೀರು ಕಪ್ಪು. ಊದಿ ದಪ್ಪಗಾದ ಪೊರೆಯೂ ಹೆಚ್ಚುಕಡಿಮೆ ಕಪ್ಪೇ. ಎರಡನ್ನೂ ಬೇರ್ಪಡಿಸಲು ಪ್ರೋಬನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ: ನೀರು ಪಕ್ಕಕ್ಕೆ ಸರಿಯುತ್ತದೆ, ಪೊರೆ ಜಗ್ಗುವುದಿಲ್ಲ.

ಆಮೇಲೆ ಪವರ್ ಡಾಪ್ಲರ್ ಸರದಿ. ಉರಿಯೂತ ಜೋರಾಗಿರುವ ಪೊರೆಯಲ್ಲಿ ರಕ್ತದ ಓಡಾಟ ಹೆಚ್ಚು. ಅದು ಕಿತ್ತಳೆ ಬಣ್ಣದ ಚುಕ್ಕೆಗಳಾಗಿ ಮೂಡುತ್ತದೆ. ಚುಕ್ಕೆಗಳ ದಟ್ಟಣೆ ನೋಡಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಈಗ ಮಾತ್ರ ಒತ್ತಿದರೆ ಕೆಟ್ಟಿತು: ಸಣ್ಣ ರಕ್ತನಾಳಗಳು ಅಮುಕಿಹೋಗಿ ಚುಕ್ಕೆಗಳೇ ಮಾಯ. ಆಳದಲ್ಲಿರುವ ಪೊರೆಯಿಂದ ಸಂಕೇತ ಬರುವುದೂ ಕ್ಷೀಣ. ಹಾಗಾಗಿ ಬಣ್ಣ ಕಾಣಲಿಲ್ಲವೆಂದು ಉರಿಯೂತವೇ ಇಲ್ಲ ಎನ್ನುವುದು ಅವಸರದ ಮಾತು.

ಮಂಡಿಗೆ ಅಲ್ಟ್ರಾಸೌಂಡ್ ಬಂದದ್ದು ಬೇರೆ ಕೆಲಸಕ್ಕೆ. ಮಂಡಿಯ ಹಿಂದೆ ನೀರು ತುಂಬಿ ಏಳುವ 'ಬೇಕರ್ಸ್ ಸಿಸ್ಟ್' ಗಂಟನ್ನು, ಕಾಲಿನ ಅಭಿಧಮನಿಯ ಉರಿಯೂತದಿಂದ ಬೇರ್ಪಡಿಸಿ ಗುರುತಿಸಲು 1972ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಲಿಯೊಪೋಲ್ಡ್ ಇದನ್ನು ಬಳಸಿದರು. 2005ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಸವೆತದಿಂದ ಮಂಡಿ ನೋಯುತ್ತಿದ್ದ 600 ಮಂದಿಯ ಪೈಕಿ ಅರ್ಧಕ್ಕೆ ತುಸು ಕಡಿಮೆ ಜನರಲ್ಲಿ ನೀರೋ, ಪೊರೆಯ ಊತವೋ, ಎರಡೂ ಒಟ್ಟಿಗೋ ಕಂಡವು. 'ವಯಸ್ಸಾಯಿತು, ಸವೆದಿದೆ' ಎಂದು ಕೈಚೆಲ್ಲುವವರು ಗಮನಿಸಬೇಕಾದ ಸಂಗತಿಯಿದು.

ಹಾಗೆಂದು ಪ್ರತಿ ಭೇಟಿಗೂ ಸ್ಕ್ಯಾನ್ ಬೇಕೆನ್ನುವುದನ್ನು ನಾನು ಒಪ್ಪುವುದಿಲ್ಲ. ರುಮಟಾಯ್ಡ್ ಸಂಧಿವಾತದ ಬಗ್ಗೆ ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ 'ಆರ್ಕ್ಟಿಕ್' ಪ್ರಯೋಗದಲ್ಲಿ, ವೈದ್ಯರ ಕೈಪರೀಕ್ಷೆಯ ಜತೆಗೆ ನಿಯಮಿತವಾಗಿ ಅಲ್ಟ್ರಾಸೌಂಡ್ ಮಾಡಿದ್ದರಿಂದ ಫಲಿತಾಂಶವೇನೂ ಸುಧಾರಿಸಲಿಲ್ಲ. ಊತ ಕೈಗೆ ಸ್ಪಷ್ಟವಾಗದಿದ್ದಾಗ, ಅಥವಾ ನೀರು ತೆಗೆಯಲು ಸೂಜಿ ಎಲ್ಲಿಗೆ ಹೋಗಬೇಕೆಂದು ನೋಡುವಾಗ ಅದರ ಬೆಲೆ ಹೆಚ್ಚು. ಭಾರತದಲ್ಲಿ ಇನ್ನೊಂದು ತೊಡಕಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ, ಮಂಡಿಯನ್ನಷ್ಟೇ ನೋಡುವ ವೈದ್ಯರೂ ತಮ್ಮ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಾಯಿಸಲೇಬೇಕು.