ಹಿತ್ತಿಲಿಗೆ ಹನಿನೀರು

ವೈಶಾಖ ಮಾಸದಲ್ಲಿ ಕೆಲವು ಮನೆಗಳ ತುಳಸಿಕಟ್ಟೆಯ ಮೇಲೆ ಮೂರು ಕೋಲುಗಳ ಆಸರೆಯಲ್ಲಿ ಒಂದು ಸಣ್ಣ ಗಡಿಗೆಯನ್ನು ತೂಗಹಾಕಿರುವುದನ್ನು ವಾಚಕರು ಕಂಡಿರಬಹುದು. ಗಡಿಗೆಯ ತಳದಲ್ಲಿ ಒಂದು ರಂಧ್ರ, ಅದರಲ್ಲಿ ದರ್ಭೆಯದೋ ಬತ್ತಿಯದೋ ಒಂದು ಎಳೆ. ಆ ಎಳೆಯ ತುದಿಯಿಂದ ಹಗಲೆಲ್ಲ ತೊಟ್ಟು ತೊಟ್ಟಾಗಿ ನೀರು ಗಿಡದ ಬುಡಕ್ಕೆ ಬೀಳುತ್ತಿರುತ್ತದೆ. ಶಿವಲಿಂಗದ ಮೇಲಣ ಧಾರಾಪಾತ್ರೆಯೂ ಇದೇ ಜಾತಿಯದು. ಸಂಸ್ಕೃತದಲ್ಲಿ ಇದಕ್ಕೆ ಗಲಂತಿಕೆ ಎಂದು ಹೆಸರು. ‘ಗಲ್’ ಎಂಬ ಧಾತುವಿಗೆ ಸೋರು, ತೊಟ್ಟಿಕ್ಕು ಎಂದು ಅರ್ಥ. ಕಡುಬಿಸಿಲಿನಲ್ಲಿ ಒಂದು ಗಿಡವನ್ನು ಉಳಿಸಿಕೊಳ್ಳಲು ಕೊಡಗಟ್ಟಲೆ ಸುರಿಯಬೇಕಾಗಿಲ್ಲ, ಕೊಂಚ ನೀರನ್ನೇ ಬಿಡದೆ ಕೊಟ್ಟರೆ ಸಾಕು ಎಂಬ ತಿಳಿವು ಈ ಗಡಿಗೆಯಲ್ಲಿ ಅಡಗಿದೆ. ತುಳಸಿಗೆ ಹನಿ ಕೊಟ್ಟ ಅದೇ ಕೈ ಪಕ್ಕದ ಬದನೆಯ ಗಿಡಕ್ಕೆ ಮಾತ್ರ ಪಾತಿ ತುಂಬಿ ಹರಿಯುವಂತೆ ಏಕೆ ಸುರಿಯುತ್ತದೆಯೋ ನಾನರಿಯೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ನೀರಿನ ಹೆಸರುಗಳಿಗೇನೂ ಕೊರತೆಯಿಲ್ಲ. ಅರ್ಕಾವತಿಯುಂಟು, ಶಿಂಷೆಯುಂಟು, ಕಣ್ವವುಂಟು. ಮಾಗಡಿಯ ಕಡೆ ಮಂಚನಬೆಲೆ, ಕನಕಪುರದ ಕಡೆ ಹಾರೋಬೆಲೆ, ಚನ್ನಪಟ್ಟಣದ ಬಳಿ 1946ರಲ್ಲಿ ಕಟ್ಟಿದ ಕಣ್ವ ಜಲಾಶಯ. ವರ್ಷಕ್ಕೆ 800ರಿಂದ 900 ಮಿಲಿಮೀಟರಿನಷ್ಟು ಮಳೆಯೂ ಬೀಳುತ್ತದೆ. ಆದರೆ ಅದರಲ್ಲಿ ಒಂದು ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಸುರಿದು ಹೋಗುವಂಥದು. ಹೊಯ್ದ ನೀರನ್ನು ಹಿಡಿದಿಟ್ಟುಕೊಳ್ಳಲು ನೆಲದ ಕೆಳಗೆ ಎಡೆಯಿಲ್ಲ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಇಲ್ಲಿಯ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತಾರೆ. ಈ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಮೇಲಿನ ಶಿಥಿಲವಾದ ಪದರದಲ್ಲಿ ಮಾತ್ರ. ಬಿರುಕು ಸಿಕ್ಕವನ ಬೋರ್‌ವೆಲ್ಲಿಗೆ ನೀರು. ಹತ್ತು ಮಾರು ಆಚೆ ಕೊರೆಸಿದವನಿಗೆ ಬರಿಯ ಬಿಳಿ ಪುಡಿ.

2023ರಲ್ಲಿ ಮುಂಗಾರು ಕೈಕೊಟ್ಟಿತು. 2024ರ ಬೇಸಗೆ ಹೇಗಿತ್ತೆಂಬುದನ್ನು ಯಾರೂ ಮರೆತಿರಲಾರರು. ಆ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈದೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಸಾರಿತು. ನಮ್ಮ ಊರುಗಳಲ್ಲಿ ದಂಡವಿರಲಿಲ್ಲವಾದರೂ ಹಿತ್ತಿಲಿನ ಗಿಡಕ್ಕೆ ನೀರು ಹಾಕುವಾಗ ಪಕ್ಕದ ಮನೆಯವರ ಕಣ್ಣಿಗೆ ಬೀಳದಂತೆ ಹಾಕುವ ಸ್ಥಿತಿ ಬಂದಿತ್ತು. ಹಾಗೆಂದು ಕರಿಬೇವನ್ನೂ ದಾಸವಾಳವನ್ನೂ ನಾಲ್ಕು ಗಿಡ ಬದನೆಯನ್ನೂ ಒಣಗಬಿಡುವುದೆ? ಹನಿ ನೀರಾವರಿಯ ಮಾತು ಬರುವುದು ಇಲ್ಲಿಯೇ.

ನಮ್ಮ ಸೀಮೆಗೆ ಇದು ಹೊಸದಲ್ಲ. ಹಿಪ್ಪುನೇರಳೆಯ ಹೊಲಗಳಲ್ಲಿ, ಬಾಳೆಯ, ತೆಂಗಿನ ತೋಟಗಳಲ್ಲಿ ಕರಿಯ ಪೈಪುಗಳು ಸಾಲುಸಾಲಾಗಿ ಹರಿದಿರುವುದನ್ನು ಬಸ್ಸಿನಲ್ಲಿ ಕುಳಿತೇ ಕಾಣಬಹುದು. ಇದರ ಕಥೆ ಸ್ವಾರಸ್ಯವಾದುದು. ಸಿಂಚಾ ಬ್ಲಾಸ್ ಎಂಬ ಯೆಹೂದಿ ಎಂಜಿನಿಯರು 1930ರ ದಶಕದಲ್ಲಿ, ಯಾರೂ ನೀರೆರೆಯದಿದ್ದರೂ ಸುತ್ತಣ ಮರಗಳಿಗಿಂತ ಎತ್ತರವಾಗಿ ಬೆಳೆದಿದ್ದ ಒಂದು ಮರವನ್ನು ಕಂಡನಂತೆ. ಬುಡ ಕೆದಕಿ ನೋಡಿದರೆ, ಪಕ್ಕದಲ್ಲಿ ಹಾದುಹೋದ ನೀರಿನ ಕೊಳವೆಯ ಕೀಲಿನಲ್ಲಿ ಒಂದು ಸಣ್ಣ ಸೋರಿಕೆ! ಅಗ್ಗದ ಪ್ಲಾಸ್ಟಿಕ್ ಬರುವವರೆಗೆ ಆ ವಿಚಾರ ಅವನ ಮನಸ್ಸಿನಲ್ಲಿಯೇ ಉಳಿಯಿತು. 1965ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಕೂಡುಗ್ರಾಮದವರೊಡನೆ ಸೇರಿ ಆತನೂ ಆತನ ಮಗನೂ ಡ್ರಿಪ್ಪರುಗಳ ತಯಾರಿಕೆಗೆ ತೊಡಗಿದರು.

ಹನಿ ಬೀಳಿಸಬೇಕಾದರೆ ಪೈಪಿಗೆ ಸೂಜಿಯಿಂದ ಚುಚ್ಚಿದರೆ ಸಾಲದೆ ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಒಂದು ವಾರ ಸಾಕು; ಎರಡನೆಯ ವಾರ ಆ ತೂತು ಮಣ್ಣಿನ ಕಣದಿಂದ ಕಟ್ಟಿಕೊಳ್ಳುತ್ತದೆ. ಬ್ಲಾಸನ ಯುಕ್ತಿ ಬೇರೆ. ತೂತನ್ನು ಕಿರಿದು ಮಾಡುವ ಬದಲು ದಾರಿಯನ್ನೇ ಉದ್ದ ಮಾಡಿದ. ಗುಂಡಿಯಷ್ಟು ಗಾತ್ರದ ಡ್ರಿಪ್ಪರನ್ನು ಬಿಚ್ಚಿ ನೋಡಿ, ಒಳಗೆ ಅಂಕುಡೊಂಕಾದ ಒಂದು ಓಣಿ ಇರುತ್ತದೆ. ಜಾತ್ರೆಯ ಜನ ಬಯಲಿನಲ್ಲಿ ಓಡಿಬಂದರೂ ಓಣಿಯ ತಿರುವುಗಳಲ್ಲಿ ಮೆಲ್ಲಗಾಗಲೇಬೇಕಷ್ಟೆ. ಹಾಗೆಯೇ ನೀರು ತಿರುವು ತಿರುವಿನಲ್ಲಿ ತನ್ನ ವೇಗವನ್ನು ಕಳೆದುಕೊಂಡು ಕಡೆಗೆ ಹನಿಯಾಗಿ ಹೊರಬೀಳುತ್ತದೆ.

ಅಂಗಡಿಯಲ್ಲಿ ‘ನಾಲ್ಕು ಲೀಟರಿನ ಡ್ರಿಪ್ಪರು’ ಎಂದು ಕೊಡುತ್ತಾರೆ. ಗಂಟೆಗೆ 4 ಲೀಟರು ಎಂದರ್ಥ. ಆದರೆ ಆ ಲೆಕ್ಕ ಸರಿಹೋಗುವುದು ನೀರು ಸುಮಾರು 10 ಮೀಟರು ಎತ್ತರದಿಂದ ಇಳಿದುಬರುವಷ್ಟು ಒತ್ತಡವಿದ್ದಾಗ. ಮನೆಯ ತೊಟ್ಟಿ ಅಷ್ಟು ಎತ್ತರದಲ್ಲಿರುವುದುಂಟೆ? ಎತ್ತರ ಕಾಲುಭಾಗವಾದರೆ, ಎಂದರೆ ಎರಡೂವರೆ ಮೀಟರಾದರೆ, ನೀರು ಕಾಲುಭಾಗವಲ್ಲ, ಅರ್ಧವಾಗುತ್ತದೆ. ಗಂಟೆಗೆ 2 ಲೀಟರು. ಒಂದೇ ಮೀಟರಾದರೆ ಸುಮಾರು ಒಂದೂಕಾಲು ಲೀಟರು. ಇನ್ನೊಂದು ಬಗೆಯ ಡ್ರಿಪ್ಪರುಂಟು. ಏರು ತಗ್ಗುಗಳ ಹೊಲದಲ್ಲಿಯೂ ಎಲ್ಲ ಗಿಡಕ್ಕೂ ಸಮನಾಗಿ ಹನಿಸಲೆಂದು ಒಳಗೆ ರಬ್ಬರಿನ ಪೊರೆ ಇಟ್ಟಿರುತ್ತಾರೆ. ಬೆಲೆ ಹೆಚ್ಚು, ಗುಣವೂ ಹೆಚ್ಚು. ಆದರೆ ಅದು ಸರಿಯಾಗಿ ಕೆಲಸಮಾಡಲು ಪಂಪಿನ ಒತ್ತಡ ಬೇಕು. ಮನೆಯ ತೊಟ್ಟಿಗೆ ಸಾಧಾರಣವಾದುದೇ ಲೇಸು. ಒಳ್ಳೆಯದಿರಲೆಂದು ದುಬಾರಿಯದನ್ನೇ ತಂದು ಒಂದು ಭಾನುವಾರವನ್ನೆಲ್ಲ ಹನಿಗಾಗಿ ಕಾದು ಕುಳಿತವರಲ್ಲಿ ಈ ಲೇಖಕನೂ ಒಬ್ಬ.

ಎಷ್ಟು ನೀರು ಬೇಕು? ಬೇಸಗೆಯಲ್ಲಿ ನಮ್ಮ ಕಡೆ ತರಕಾರಿಯ ಮಡಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರು ಹಿಡಿಯಬಹುದು. ಮೂರು ಮೀಟರು ಉದ್ದ, ಒಂದು ಮೀಟರು ಅಗಲದ ಮಡಿಗೆ 15 ಲೀಟರು, ಎಂದರೆ ಒಂದು ಕೊಡ. ಮಡಿಯ ಮೇಲೆ 16 ಮಿಲಿಮೀಟರಿನ ಪೈಪನ್ನು ಎರಡು ಸಾಲು ಹಾಸಿ, 30 ಸೆಂಟಿಮೀಟರಿಗೊಂದರಂತೆ ಡ್ರಿಪ್ಪರು ಚುಚ್ಚಿದರೆ ಒಟ್ಟು 20 ಆಗುತ್ತವೆ. ಒಂದೊಂದು ಗಂಟೆಗೆ 2 ಲೀಟರು ಕೊಟ್ಟರೆ 20ಕ್ಕೆ 40 ಲೀಟರು. ಆದಕಾರಣ 22–23 ನಿಮಿಷ ಬಿಟ್ಟರೆ ಮಡಿಗೆ ಬೇಕಾದಷ್ಟಾಯಿತು. ಲೆಕ್ಕವನ್ನು ನಂಬದವರು ಡ್ರಿಪ್ಪರಿನ ಕೆಳಗೆ 200 ಮಿಲಿಲೀಟರಿನ ಲೋಟವಿಟ್ಟು ಗಡಿಯಾರ ನೋಡಲಿ. ಆರು ನಿಮಿಷಕ್ಕೆ ತುಂಬಿದರೆ ಲೆಕ್ಕ ಸರಿ. ನಮ್ಮ ಮನೆಯ ರಬ್ಬರು ಪೈಪಿಗೆ ಬಕೆಟ್ಟು ಹಿಡಿದು ಅಳೆದಾಗ ನಿಮಿಷಕ್ಕೆ 11 ಲೀಟರು ಬಂತು. ಅದೇ ಮಡಿಯ ಮುಂದೆ ಮಾತನಾಡುತ್ತ ಐದು ನಿಮಿಷ ನಿಂತರೆ 55 ಲೀಟರು. ಅದರಲ್ಲಿ ಬೇರಿಗೆ ಹೋದದ್ದೆಷ್ಟು, ಕಾಲುದಾರಿಯ ಗರಿಕೆಗೆ ಹೋದದ್ದೆಷ್ಟು?

ಇಲ್ಲಿಗೆ ಮುಗಿಯಿತೆಂದು ನಾನೂ ಭಾವಿಸಿದ್ದೆ. ಒಂದು ಸಂಗತಿಯನ್ನು ಹೇಳದೆ ಮುಂದುವರಿದರೆ ವಾಚಕರಿಗೆ ಮೋಸಮಾಡಿದಂತಾಗುತ್ತದೆ. 2024ರ ಏಪ್ರಿಲಿನಲ್ಲಿ ನಮ್ಮ ಬೀದಿಗೆ ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ. ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ 1,000 ಲೀಟರಿನ ತೊಟ್ಟಿ ನಮಗೂ, ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದವರಿಗೂ ಸೇರಿದ್ದು. ಆ ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ಶುಕ್ರವಾರ ಸಂಜೆ ಮಡಿಗೆ ನೀರು ಬಿಟ್ಟು, 22 ನಿಮಿಷ ಕಾಯುವಷ್ಟರಲ್ಲಿ ಕನಕಪುರದ ಮದುವೆಗೆ ಹೊರಡುವ ಗಡಿಬಿಡಿಯಾಯಿತು. ವಾಲ್ವು ತಿರುಗಿಸಲಿಲ್ಲ. ಭಾನುವಾರ ಮಧ್ಯಾಹ್ನ ಬಂದು ನೋಡಿದರೆ ತೊಟ್ಟಿ ಬರಿದು. ಗಂಟೆಗೆ 40 ಲೀಟರೆಂದರೆ ದಿನಕ್ಕೆ 960 ಲೀಟರು ಎಂಬ ಗುಣಾಕಾರವನ್ನು ಹಾಕಲು ನನಗೆ ಆಗ ಬಿಡುವಾಯಿತು! ಪೈಪಿನಿಂದ ನೀರು ಧಾರೆಯಾಗಿ ಹರಿದಿದ್ದರೆ ಸದ್ದಾದರೂ ಕೇಳುತ್ತಿತ್ತು, ಯಾರಾದರೂ ಕೂಗುತ್ತಿದ್ದರು. ಹನಿಗೆ ಸದ್ದಿಲ್ಲ. ಬಾಣಂತಿಯ ತಾಯಿ ಎರಡು ದಿನ ಹಸುಗೂಸಿನ ಬಟ್ಟೆ ಒಗೆಯಲು ಮೂರನೆಯ ಬೀದಿಯಿಂದ ನೀರು ಹೊತ್ತಿದ್ದರು. ನಾನು ಕೈಮುಗಿದು ನಿಂತಾಗ ಆಕೆ, “ಇರಲಿ ಬಿಡಿ ಮೇಷ್ಟ್ರೇ, ಬದನೆಗಿಡ ಚೆನ್ನಾಗಿ ಬಂದದೆ” ಎಂದರು. ಅದಕ್ಕಿಂತ ಬೈದಿದ್ದರೆ ಹಗುರವಾಗುತ್ತಿತ್ತು.

ಅಂದಿನಿಂದ ನಮ್ಮ ಹನಿಪೈಪಿಗೂ ಮನೆಯ ತೊಟ್ಟಿಗೂ ಸಂಬಂಧವಿಲ್ಲ. ಮಡಿಯ ತಲೆಗೆ ಒಂದು ಮೀಟರು ಎತ್ತರದ ಕಲ್ಲುಕಂಬಗಳ ಮೇಲೆ ಮುಚ್ಚಳವಿರುವ ಡ್ರಮ್ಮೊಂದನ್ನು ಕೂರಿಸಿ, ಅದರ ತಳದಿಂದಲೇ ಪೈಪು ಎಳೆದಿದ್ದೇನೆ. ಬೆಳಗ್ಗೆ ಒಂದು ಕೊಡ ನೀರು ಸುರಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಅದು ತಾನಾಗಿ ಹನಿದು ಮುಗಿಯುತ್ತದೆ. ಗಡಿಯಾರ ಬೇಡ, ವಾಲ್ವಿನ ನೆನಪು ಬೇಡ. ಮರೆತರೆ ಹೋಗುವುದು ಒಂದು ಕೊಡ ಮಾತ್ರ. ಇಷ್ಟು ಕಡಿಮೆ ಎತ್ತರದಲ್ಲಿ ಮಡಿ ಮಟ್ಟಸವಾಗಿರಬೇಕು, ಪೈಪು ಉದ್ದವಾಗಬಾರದು. ಇಲ್ಲವಾದರೆ ತಗ್ಗಿನ ಗಿಡ ಉಂಡು, ದಿಬ್ಬದ ಗಿಡ ಉಪವಾಸ. ತೆಂಗಿನ ಮರವಿದ್ದವರು ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬೆಳೆದ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 40ರಿಂದ 60 ಲೀಟರು ಬೇಕು. ಅದಕ್ಕೆ ಬೇರೆ ಪೈಪು, ಬುಡದಿಂದ ಒಂದು ಮೀಟರು ದೂರದಲ್ಲಿ ಸುತ್ತಲೂ ನಾಲ್ಕು ಡ್ರಿಪ್ಪರು.

ಹನಿ ನೀರಾವರಿಗೆ ದೊಡ್ಡ ಶತ್ರು ಕಸ. ಡ್ರಮ್ಮಿಗೂ ಪೈಪಿಗೂ ನಡುವೆ ಜಾಲರಿಯ ಫಿಲ್ಟರು ಇರಲೇಬೇಕು. ವಾರಕ್ಕೊಮ್ಮೆ ಅದನ್ನು ಬಿಚ್ಚಿ ತೊಳೆಯಬೇಕು. ಹದಿನೈದು ದಿನಕ್ಕೊಮ್ಮೆ ಪೈಪಿನ ಕೊನೆಯ ಬಿರಡೆ ತೆಗೆದು, ಬಗ್ಗಡ ಹೋಗಿ ತಿಳಿನೀರು ಬರುವವರೆಗೆ ಹರಿಯಬಿಡಬೇಕು. ಪೈಪು ಕರಿಯದೇ ಆಗಿರಲಿ. ಬಿಳಿಯ ಪಾರದರ್ಶಕ ಕೊಳವೆಯೊಳಗೆ ಬೆಳಕು ಹೊಕ್ಕು ಪಾಚಿ ಬೆಳೆಯುತ್ತದೆ. ನಮ್ಮ ಬೋರ್‌ವೆಲ್ಲುಗಳ ನೀರು ಬಹುತೇಕ ಗಡಸು. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿಯ ಕರಣೆಯೇ ಡ್ರಿಪ್ಪರಿನ ಓಣಿಯಲ್ಲಿಯೂ ಕಟ್ಟುತ್ತದೆ. ಡ್ರಿಪ್ಪರುಗಳನ್ನು ಕಿತ್ತು ವಿನಿಗರಿನಲ್ಲಿಯೋ ನಿಂಬೆಯ ರಸದಲ್ಲಿಯೋ ಒಂದು ರಾತ್ರಿ ನೆನೆಹಾಕಿದರೆ ಬಿಡುತ್ತದೆ. ಬಚ್ಚಲ ನೀರನ್ನು ಮಾತ್ರ ಈ ಪೈಪಿಗೆ ಬಿಡಬೇಡಿ. ಅದು ಹಿಂದಿನಂತೆ ಮೋರಿಯ ಬಾಯಿಯ ಬಾಳೆಗೂ ಕೆಸುವಿಗೂ ಹೋಗಲಿ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಗ್ಲೂಕೋಸಿನ ಕೊಳವೆಗಳನ್ನು ತಂದು ಗಿಡಕ್ಕೆ ಕಟ್ಟುವ ಚಾಳಿಯೊಂದು ಕಾಣುತ್ತಿದೆ. ರಕ್ತ ಸೋಂಕಿದ್ದಿರಬಹುದಾದ ಆ ಸಾಮಗ್ರಿಯನ್ನು ಮಕ್ಕಳು ಓಡಾಡುವ ಹಿತ್ತಿಲಿಗೆ ತರುವುದು ಸರಿಯಲ್ಲ.

ಹನಿ ಬಿದ್ದ ನೆಲದ ಮೇಲೆ ತೇವದ ಗುರುತು ಅಂಗೈಯಗಲವೇ ಕಂಡರೂ ಒಳಗೆ ಬೇರೆಯೇ ಆಕಾರವಿರುತ್ತದೆ. ಜಿಗುಟು ಮಣ್ಣಿನಲ್ಲಿ ನೀರು ಈರುಳ್ಳಿಯಂತೆ ಅಗಲವಾಗಿ ಹರಡುತ್ತದೆ. ನಮ್ಮ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಮೂಲಂಗಿಯಂತೆ ಕೆಳಕ್ಕೆ ಇಳಿಯುತ್ತದೆ. ಡ್ರಿಪ್ಪರುಗಳನ್ನು ಒತ್ತಾಗಿ ಇಡಬೇಕೆನ್ನುವುದು ಈ ಕಾರಣದಿಂದ. ಮೇಲೆ ಹೊದಿಕೆಯಿಲ್ಲದಿದ್ದರೆ ಪಡೆದ ಲಾಭದಲ್ಲಿ ಅರ್ಧವನ್ನು ಬಿಸಿಲು ಕಿತ್ತುಕೊಳ್ಳುತ್ತದೆ. ತರಗೆಲೆ, ತೆಂಗಿನ ನಾರು ಎಲ್ಲಿಯೂ ಸಿಗುವಂಥವು. ರೇಷ್ಮೆ ಸಾಕುವವರ ಮನೆಯ ಬಳಿ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿಗಳು ರಾಶಿ ಬಿದ್ದಿರುತ್ತವೆ. ಚನ್ನಪಟ್ಟಣದ ಬೊಂಬೆ ಕೆಲಸದವರಲ್ಲಿ, ಅರಗಿನ ಬಣ್ಣ ಹಚ್ಚುವುದಕ್ಕೆ ಮುಂಚೆ ಕಡೆದು ಬಿದ್ದ ಆಲೆಮರದ ಹೊಟ್ಟು ಸಿಗುತ್ತದೆ. ಅದನ್ನು ಮೇಲೆ ಹರಡಬೇಕೇ ಹೊರತು ಮಣ್ಣಿನೊಳಗೆ ಬೆರೆಸಬಾರದು. ಬೆರೆಸಿದರೆ ಅದು ಕೊಳೆಯುವಾಗ ಗಿಡದ ಸಾರಜನಕವನ್ನೇ ಎಳೆದುಕೊಂಡು ಎಲೆ ಹಳದಿಯಾಗುತ್ತದೆ.

ಇಷ್ಟೆಲ್ಲ ಉಪಾಧಿ ಬೇಡವೆನ್ನುವವರಿಗೆ ಮಡಕೆಯುಂಟು. ಮೆರುಗಿಲ್ಲದ, ಐದಾರು ಲೀಟರು ಹಿಡಿಯುವ ಮಣ್ಣಿನ ಮಡಕೆಯನ್ನು ಕಂಠದವರೆಗೆ ನೆಲದಲ್ಲಿ ಹೂತು, ಸುತ್ತ ನಾಲ್ಕು ಸೋರೆ, ಹೀರೆ, ಕುಂಬಳದ ಬೀಜ ಊರಿ, ಮಡಕೆಗೆ ನೀರು ತುಂಬಿ ಮುಚ್ಚಿಡಿ. ಮಣ್ಣು ಒಣಗಿದಂತೆ ಮಡಕೆ ಜಿನುಗುತ್ತದೆ, ಮಣ್ಣು ತೇವವಾದಂತೆ ತಡೆಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದ ಫಾನ್ ಶೆಂಗ್‌ಚಿ ಎಂಬವನು ತನ್ನ ಕೃಷಿಗ್ರಂಥದಲ್ಲಿ ಈ ಕ್ರಮವನ್ನು ಬರೆದಿಟ್ಟಿದ್ದಾನೆ. ಬಾಡಿಗೆ ಮನೆಯವರಿಗೆ ಇದೇ ಉತ್ತಮ. ಮನೆ ಬಿಡುವಾಗ ಅಗೆದು ಕೊಂಡೊಯ್ಯಬಹುದು.

ಗಡಸು ನೀರನ್ನು ತಿಂಗಳುಗಟ್ಟಲೆ ಹನಿಸಿದ ಮೇಲೆ ತೇವದ ಅಂಚಿನಲ್ಲಿ ಉಪ್ಪಿನ ಬಿಳಿಗೆರೆ ಮೂಡುತ್ತದೆ. ಅಶ್ವಿನಿ, ಭರಣಿಗಳಲ್ಲಿ ಮಾವಿನ ಹೊಯ್ಲು ಸಣ್ಣಗೆ ಬಿದ್ದರೆ ಆ ಉಪ್ಪು ಕರಗಿ ಬೇರಿನತ್ತ ಸರಿಯುತ್ತದೆ. ಮಳೆ ಬಂತೆಂದು ಅಂದೇ ಹನಿ ನಿಲ್ಲಿಸಬೇಡಿ. ಒಂದು ಕೊಡ ಹೆಚ್ಚಾಗಿಯೇ ಬಿಟ್ಟು ಉಪ್ಪನ್ನು ಕೆಳಕ್ಕೆ ತಳ್ಳಿ.

ಇನ್ನು ಅಳಿಲು. ಬೇಸಗೆಯಲ್ಲಿ ಬಾಯಾರಿ ಪೈಪನ್ನು ಕಡಿಯುತ್ತದೆ. ಒಂದು ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ ಮಡಿಯ ಪಕ್ಕದಲ್ಲಿಡತೊಡಗಿದ ಮೇಲೆ ನಮ್ಮಲ್ಲಿ ಕಡಿತ ಕಡಿಮೆಯಾಗಿದೆ, ನಿಂತಿಲ್ಲ. ಪೈಪು ಕೂಡಿಸುವ ಜಾಯಿಂಟುಗಳು ನಾಲ್ಕಾರು ಮನೆಯಲ್ಲಿರಲಿ.