ಫೋನು ಐತಿ, ರಿಂಗ್ ಇಲ್ಲ!

ಅಕ್ಕ ತಂಗಿಯರೇ, ನಮ್ಮ ಹತ್ತಿರ ಫೋನು ಇದೆ. ನಾವು ಹಚ್ಚಿದರೆ ಹೋಗುತ್ತದೆ. ಬೇರೆಯವರು ಹಚ್ಚಿದರೆ ಮಾತ್ರ ಬರುವುದಿಲ್ಲ. "ಎಷ್ಟು ಸಲ ಹಚ್ಚಿದೆ, ಯಾಕ ಎತ್ತಲಿಲ್ಲ ಅವ್ವಾ?" ಎಂದು ಮಗಳು ಕೇಳುತ್ತಾಳೆ. ನಮಗೆ ಗೊತ್ತೇ ಆಗಿರುವುದಿಲ್ಲ.

ಇದು ಸಣ್ಣ ಮಾತಲ್ಲ. ತುಬಚಿ ಕೃಷ್ಣಾ ನದಿಯ ಕಡೆಯ ಊರು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಳು. ಜಮಖಂಡಿ ತಾಲೂಕಿನ ಹಲವು ಹಳ್ಳಿಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ "ನೀರು ಬರಾಕತ್ತೈತಿ, ಲಗೂನ ಹೊರಡ್ರಿ" ಎಂಬ ಒಂದು ಕರೆ ಜೀವ ಉಳಿಸುತ್ತದೆ. ಹೆರಿಗೆಗೆ ಹೋದ ಮಗಳ ಸುದ್ದಿಯೂ ಫೋನಿನಲ್ಲೇ ಬರಬೇಕು.

ಹಾಗಾದರೆ ಏನು ಮಾಡೋಣ? ಮೊದಲು ನೆರೆಮನೆಯವರಿಂದ ನಮ್ಮ ನಂಬರಿಗೆ ಒಂದು ಕರೆ ಮಾಡಿಸೋಣ. ಅವರ ಕಿವಿಗೆ ಏನು ಕೇಳಿಸುತ್ತದೆ ಎಂದು ಕೇಳೋಣ. ದೋಷ ಎಲ್ಲಿದೆ ಎಂದು ಅದರಿಂದಲೇ ತಿಳಿಯುತ್ತದೆ.

ಅವರಿಗೆ ರಿಂಗ್ ಕೇಳಿಸುತ್ತದೆ, ನಮ್ಮ ಫೋನು ಸುಮ್ಮನಿದೆ

ಫೋನಿನ ಮೇಲ್ಭಾಗ ನೋಡ್ರಿ. ಗಂಟೆಯ ಚಿತ್ರದ ಮೇಲೆ ಅಡ್ಡಗೆರೆ ಇದ್ದರೆ ಸದ್ದು ಬಂದ್ ಆಗಿದೆ. ಅರ್ಧಚಂದ್ರ ಇದ್ದರೆ, ಇಲ್ಲವೇ ವೃತ್ತದೊಳಗೆ ಅಡ್ಡಗೆರೆ ಇದ್ದರೆ "ತೊಂದರೆ ಕೊಡಬೇಡಿ" ಎಂಬ ಗುಂಡಿ ಒತ್ತಿದಂತೆ. ಮಕ್ಕಳು ಆಟ ಆಡುವಾಗ ಹೀಗೆ ಆಗುವುದುಂಟು. ಅದನ್ನು ತೆಗೆಯಿರಿ.

ಎಲ್ಲರ ಕರೆ ಬಂದು ಒಬ್ಬರ ಕರೆ ಮಾತ್ರ ಬರದಿದ್ದರೆ, ಅವರ ನಂಬರ್ ಬ್ಲಾಕ್ ಆಗಿರಬಹುದು. ಬ್ಲಾಕ್ ಆದ ನಂಬರುಗಳ ಪಟ್ಟಿ ತೆಗೆದು ನೋಡ್ರಿ.

"ಸ್ವಿಚ್ ಆಫ್ ಆಗಿದೆ", "ಸಂಪರ್ಕ ಸಿಗುತ್ತಿಲ್ಲ" ಎನ್ನುತ್ತದೆ

ವಿಮಾನದ ಚಿತ್ರ ಕಾಣುತ್ತಿದೆಯೇ? ಅದಿದ್ದರೆ ಕರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅದನ್ನು ತೆಗೆಯಿರಿ. ಸಿಗ್ನಲ್ ಕಡ್ಡಿಗಳು ಇಲ್ಲದಿದ್ದರೆ ಮನೆಯಿಂದ ಬಯಲಿಗೆ ಬರ್ರಿ. ಫೋನು ಆಫ್ ಮಾಡಿ, ಮತ್ತೆ ಆನ್ ಮಾಡ್ರಿ. ಆಗಲೂ ಬರದಿದ್ದರೆ ಸಿಮ್ ತೆಗೆದು, ಒಣಬಟ್ಟೆಯಿಂದ ಒರೆಸಿ, ಮತ್ತೆ ಹಾಕ್ರಿ. ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗ ಕರೆ ಬಂದರೆ, ಕೆಟ್ಟಿರುವುದು ನಮ್ಮ ಫೋನು, ಸಿಮ್ ಅಲ್ಲ.

"ಒಳಬರುವ ಕರೆ ಸೌಲಭ್ಯ ಇಲ್ಲ" ಎನ್ನುತ್ತದೆ

ರೀಚಾರ್ಜ್ ಮುಗಿದಿದೆ ಎಂದು ಅರ್ಥ. "ಬರೋ ಫೋನಿಗೆ ಯಾಕ ರೊಕ್ಕ?" ಎಂದು ನಾವು ಕೇಳುತ್ತೇವೆ. 2003ರ ಮೇ 1ರಿಂದ ಬರುವ ಕರೆ ಪುಕ್ಕಟೆ ಆಯಿತು. ಆದರೆ 2018ರ ಕೊನೆಗೆ ಕೆಲವು ದೊಡ್ಡ ಕಂಪನಿಗಳು ತಿಂಗಳ ರೀಚಾರ್ಜ್ ಕಡ್ಡಾಯ ಮಾಡಿದವು. ಪ್ಯಾಕಿನ ಅವಧಿ ಮುಗಿದರೆ ಕೆಲವು ದಿನದಲ್ಲಿ ಬರುವ ಕರೆಯೂ ನಿಲ್ಲುತ್ತದೆ.

ಇಂಟರ್ನೆಟ್ ಬೇಡವೇ? ಮಾತು ಮತ್ತು ಮೆಸೇಜ್ ಮಾತ್ರ ಇರುವ ಪ್ಯಾಕನ್ನೂ ಕೊಡಬೇಕೆಂದು ಟ್ರಾಯ್ ಎಂಬ ಸರ್ಕಾರಿ ಸಂಸ್ಥೆ 2024ರ ಡಿಸೆಂಬರಿನಲ್ಲಿ ಆದೇಶ ಮಾಡಿತು. ಅಂಗಡಿಯಲ್ಲಿ "ಬರೀ ಮಾತಿನ ಪ್ಯಾಕ್ ಐತೇನ್ರಿ?" ಎಂದು ಕೇಳ್ರಿ.

ಸಿಮ್ಮನ್ನು 90 ದಿನ ಒಮ್ಮೆಯೂ ಬಳಸದಿದ್ದರೆ ಅದು ಬಂದ್ ಆಗಬಹುದು. ಮುಂದೆ ಆ ನಂಬರ್ ಬೇರೆಯವರಿಗೆ ಹೋಗಬಹುದು. ಬ್ಯಾಂಕಿಗೆ, ಆಧಾರಿಗೆ ಕೊಟ್ಟ ನಂಬರ್ ಅದೇ ಆಗಿದ್ದರೆ ದೊಡ್ಡ ತಾಪತ್ರಯ.

ಬೇರೆ ಯಾರೋ ಎತ್ತಿ ಮಾತಾಡುತ್ತಾರೆ

ಇಲ್ಲಿ ಎಚ್ಚರ ಬೇಕು. ನಮ್ಮ ಕರೆಗಳು ಇನ್ನೊಂದು ನಂಬರಿಗೆ ತಿರುಗಿವೆ. "ಪಾರ್ಸೆಲ್ ಬಂದಿದೆ, ಈ ನಂಬರ್ ಒತ್ತಿ" ಎಂದು ಮೋಸಗಾರರು ಹೇಳುತ್ತಾರೆ. *401* ಅಥವಾ *21* ಎಂದು ಶುರುವಾಗುವ ನಂಬರ್ ಒತ್ತಿಸುತ್ತಾರೆ. ಆಮೇಲೆ ಬ್ಯಾಂಕಿನಿಂದ ನಮಗೆ ಬರುವ ಕರೆ ಅವರಿಗೆ ಹೋಗುತ್ತದೆ. ಹೀಗೆ ನಂಬರ್ ಒತ್ತಿ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಬೇಕೆಂದು ಸರ್ಕಾರ ಕಂಪನಿಗಳಿಗೆ ಹೇಳಿತು. ಆದರೂ ಮೋಸ ನಿಂತಿಲ್ಲ. ಯಾರೇ ಹೇಳಿದರೂ ಒತ್ತಬಾರದು.

ತಿರುಗಿದ ಕರೆ ಬಿಡಿಸಲು ##002# ಒತ್ತಿ ಕರೆ ಮಾಡ್ರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಹಚ್ಚಿ ದೂರು ಕೊಡ್ರಿ.

ಏನು ಮಾಡಿದರೂ ಸರಿಹೋಗಲಿಲ್ಲವೇ?

198ಕ್ಕೆ ಕರೆ ಮಾಡ್ರಿ. ಇದಕ್ಕೆ ದುಡ್ಡಿಲ್ಲ. ನಮ್ಮ ಸಿಮ್ ಕಂಪನಿಯವರು ದೂರು ಬರೆದುಕೊಂಡು ಒಂದು ನಂಬರ್ ಕೊಡುತ್ತಾರೆ. ಆ ನಂಬರನ್ನೂ ತಾರೀಖನ್ನೂ ನಾವೇ ಬರೆದಿಟ್ಟುಕೊಳ್ಳೋಣ. ಮತ್ತೆ ಕೇಳುವಾಗ "ನೀವು ದೂರೇ ಕೊಟ್ಟಿಲ್ಲ" ಎಂದು ಯಾರೂ ಅನ್ನಲಾರರು.

ಮಾಡಿ ನೋಡ್ರಿ

1. ನಿಮ್ಮ ಫೋನಿನ ಮೇಲ್ಭಾಗದಲ್ಲಿ ಯಾವ ಚಿತ್ರಗಳಿವೆ? ಓದಿ ಹೇಳ್ರಿ.
2. ರೀಚಾರ್ಜ್ ಯಾವ ತಾರೀಖಿಗೆ ಮುಗಿಯುತ್ತದೆ? ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕ್ರಿ.
3. 198 ಮತ್ತು 1930, ಈ ಎರಡು ನಂಬರುಗಳನ್ನು ಬಾಗಿಲ ಹಿಂದೆ ದೊಡ್ಡದಾಗಿ ಬರೀರಿ.